ಹಿಂದಿನ ಓಣಿಗೆ ಬಂದ ನಲ್ಲಿ

ಮದುವೆಯಾದ ಹೊಸದರಲ್ಲಿ ನಾವು ದಾವಣಗೆರೆಯ ಮಂಡಿಪೇಟೆಯ ಹಿಂಬದಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಯಜಮಾನರು ಮುನಿಸಿಪಾಲಿಟಿಯಲ್ಲಿ ಓವರ್‌ಸಿಯರ್. ಹರಿಹರದ ಹೊಳೆಯ ನೀರನ್ನು ಪೈಪಿನಲ್ಲಿ ತಂದು ನಮ್ಮ ಭಾಗದ ಓಣಿಗಳಿಗೆ ನಲ್ಲಿ ಹಾಕಿಸುವ ಕೆಲಸ ಅವರ ಪಾಲಿಗೆ ಬಂತು. ಹರಿಹರ ನನ್ನ ತವರು. ನಾನು ಕುಡಿದು ಬೆಳೆದ ಹೊಳೆಯೇ ಗಂಡನ ಊರಿಗೆ ನನ್ನ ಹಿಂದೆ ಬರುತ್ತಿದೆಯಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ.

ಅವರು ಪೆನ್ಸಿಲಿನಲ್ಲಿ ಬರೆದ ನಕ್ಷೆಗೆ ಶಾಯಿ ಹಾಕುವುದು ನನ್ನ ಕೆಲಸವಾಯಿತು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಸಣ್ಣ ನಿಬ್ಬಿನಿಂದ ಭೂಪಟ ಬರೆಯುವುದನ್ನು ಕಲಿಸಿದ್ದರು. ನದಿಗೆ ನೀಲಿ, ಊರಿಗೆ ಕೆಂಪು ಚುಕ್ಕೆ. ಮಧ್ಯಾಹ್ನದ ಊಟ ಮುಗಿದು ನೆಲ ಒರೆಸಿ ಒಣಗಿದ ಮೇಲೆ ಹಾಳೆ ಹಾಸಿಕೊಂಡು ಕೂರುತ್ತಿದ್ದೆ. ನಮ್ಮ ಓಣಿಗೆ ಸಿಕ್ಕಿದ್ದು ಒಂದೇ ನಲ್ಲಿ. ಅದರ ಕೆಂಪು ಚುಕ್ಕೆ ಬಿದ್ದದ್ದು ಮುಂದಿನ ಪೇಟೆ ಬೀದಿಯಲ್ಲಿ, ಪಕ್ಕದ ಮನೆಯ ಸಾಹುಕಾರರ ಅಂಗಡಿಯ ಮುಂದೆ. ಅವರು ಮುನಿಸಿಪಾಲಿಟಿ ಮೆಂಬರು. ನಲ್ಲಿ ತಮ್ಮ ಅಂಗಡಿಯ ಮುಂದೆಯೇ ಬರಲಿ, ಕಲ್ಲಿನ ಕಟ್ಟೆ ತಾವೇ ಕಟ್ಟಿಸಿಕೊಡುತ್ತೇವೆ ಎಂದಿದ್ದರು.

ಅವರ ಸೊಸೆ ನನ್ನ ವಾರಿಗೆಯವಳು. ಹಿಂದಿನ ಬೇಸಿಗೆಯಲ್ಲಿ ವಾಂತಿಭೇದಿಗೆ ಅವಳ ಚೊಚ್ಚಲ ಮಗು ಹೋಗಿತ್ತು. ಈಗ ಮತ್ತೊಂದು ಕೂಸು ಅಂಬೆಗಾಲಿಡುತ್ತಿತ್ತು. ಆಳುಗಳಿದ್ದ ಮನೆಯಾದರೂ ಪೂಜೆಗೆ, ಕುಡಿಯುವುದಕ್ಕೆ ನೀರು ತರುವುದು ಸೊಸೆಯ ಕೆಲಸ. ಅವಳು ತರುತ್ತಿದ್ದದ್ದು ಹಿಂದಿನ ಓಣಿಯ ತುದಿಯ ಬಾವಿಯಿಂದ. ಬಾವಿಗೆ ತಾಗಿಯೇ ಗಟಾರ ಹರಿಯುತ್ತಿತ್ತು. ಮಗುವಿನ ಸೊಂಟಕ್ಕೆ ಅವಳು ಕಟ್ಟಿದ್ದ ಕರಿದಾರ ಕಂಡಾಗಲೆಲ್ಲ ಆ ಗಟಾರ ನನ್ನ ಕಣ್ಣ ಮುಂದೆ ಬರುತ್ತಿತ್ತು.

ಬಾವಿಗೆ ಬಿಳಿ ಪುಡಿ ಹಾಕಲು ವಾರಕ್ಕೊಮ್ಮೆ ನರ್ಸಮ್ಮ ಬರುತ್ತಿದ್ದರು. ನಡುವಯಸ್ಸು, ಬಿಳಿ ಸೀರೆ, ಕಡ್ಡಿಯೊಂದು ಮುರಿದ ಕೊಡೆ. ಯಾರ ಮನೆಗೆ ಹೋದರೂ ಮೊದಲು ನೀರಿನ ಹಂಡೆಯ ಮುಚ್ಚಳ ಎತ್ತಿ ನೋಡುವರು, ಆಮೇಲೆ ಯೋಗಕ್ಷೇಮ. ಬೈದದ್ದನ್ನು ನಾನು ಕೇಳಿಯೇ ಇಲ್ಲ. ಒಂದು ದಿನ ನನ್ನ ನಕ್ಷೆಯನ್ನು ಬಗ್ಗಿ ನೋಡಿದರು.

"ಚುಕ್ಕಿ ಭಾಳ ಚೆಂದ ಇಟ್ಟೀರಿ ಅಮ್ಮಾರೆ. ಇಲ್ಲಿಗೆ ಕೊಡ ಹಿಡ್ಕೊಂಡು ಯಾರ್ ಬರ್ತಾರ?"

ಆಗ ದಿನವೂ ಕಿಟಕಿಯಿಂದ ಕಾಣುತ್ತಿದ್ದದ್ದೊಂದು ನೆನಪಾಯಿತು. ಬೆಳಿಗ್ಗೆ ತುಂಬಿದ ಕೊಡಗಳಿಂದ ತುಳುಕಿದ ಹನಿಗಳು ಹಿಂದಿನ ಓಣಿಯ ಮಣ್ಣಿನ ಮೇಲೆ ಗೆರೆ ಎಳೆದಂತೆ ಬಿದ್ದಿರುತ್ತಿದ್ದವು. ಮುಂದಿನ ಪೇಟೆ ಬೀದಿಯಲ್ಲಿ ಒಂದು ಹನಿಯೂ ಇರುತ್ತಿರಲಿಲ್ಲ, ಬರೀ ಒಣ ಧೂಳು. ಅದನ್ನೇ ಹೇಳಿದೆ.

ನರ್ಸಮ್ಮ ನನ್ನ ಅಡುಗೆಮನೆಯ ತುಂಬಿದ ಕೊಡವನ್ನೇ ಸೊಂಟಕ್ಕಿಟ್ಟುಕೊಂಡು ಹೊರಟರು. ಅಂಗಡಿ ಮುಂದಿನಿಂದ ಸಾಹುಕಾರರ ಮನೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದರು. ಸೆರಗು ಅರ್ಧ ನೆಂದಿತ್ತು.

"ಅಂಗಡಿ ಕಟ್ಟಿ ಮ್ಯಾಲೆ ಕುಂತ ಗಂಡಸ್ರೆಲ್ಲ ಮಾತು ನಿಲ್ಲಿಸಿ ನೋಡಿದ್ರು ನೋಡ್ರಿ. ನನ್ನ ಕೊಡಾನೂ ನಾಚ್ಕೊಂತು!"

ಅಲ್ಲೇ ಕೂತಿದ್ದ ಯಜಮಾನರಿಗೆ ಸ್ವಲ್ಪ ಬೇಸರವಾಯಿತು. "ಅಳತೆ ಚೈನು ಹಿಡಿದು ಅಳದೀನಿ. ಬಾವಿಗಿಂತ ಹತ್ರ ಐತೆ."

"ಚೈನಿಗೆ ಸೆರಗಿಲ್ಲಲ್ರೀ ಸಾಹೇಬ್ರೆ," ಎಂದರು ನರ್ಸಮ್ಮ. ನಾನು ನಗು ತಡೆಯಲು ಒಳಗೆ ಹೋದೆ.

ಆದರೆ ಚುಕ್ಕೆ ಕದಲಿಸುವುದು ನಮ್ಮ ಕೈಯಲ್ಲಿರಲಿಲ್ಲ. ಸಾಹುಕಾರರು ಒಪ್ಪಬೇಕು. ಭಾನುವಾರ ಬೆಳಿಗ್ಗೆ ಅವರೇ ನಕ್ಷೆ ನೋಡಲು ಬಂದರು. ನರ್ಸಮ್ಮನೂ ಅದೇ ಹೊತ್ತಿಗೆ ಬಂದು ಬಾಗಿಲ ಬಳಿ ಚಾಪೆಯ ಮೇಲೆ ಕೂತರು. ನಾನು ಕಾಫಿ ತಂದೆ.

"ಏನವ್ವಾ, ನಮ್ಮ ಅಂಗಡಿ ಮುಂದ ಹೊಳಿ ತಂದು ನಿಲ್ಸೀಯಂತಲ್ಲ," ಎಂದು ಸಾಹುಕಾರರು ನನ್ನನ್ನು ಹೊಗಳಿ ಚುಕ್ಕೆಯ ಮೇಲೆ ಬೆರಳಿಟ್ಟರು.

ನರ್ಸಮ್ಮ ಮೆಲ್ಲಗೆ ಕೇಳಿದರು: "ಸಾವ್ಕಾರ್ರೇ, ನಿಮ್ಮ ಸೊಸಿ ಅಂಗಡಿ ಮುಂದ ಹಾಯ್ದಿದ್ದು ಯಾವಾಗ ನೋಡೀರಿ?"

ಅವರು ಎದೆ ಸೆಟೆಸಿದರು. "ಏನ್ ಕೇಳ್ತೀರಿ ನರ್ಸಮ್ಮಾರೆ! ನಮ್ಮನಿಗೆ ಬಂದಾಗಿಂದ ಒಂದ್ ಸಲನೂ ಹಾಯ್ದಿಲ್ಲ. ಮಾವ ಕುಂತ ಕಡಿ ಹಾಯೂ ಹುಡುಗಿ ಅಲ್ಲ ಅದು. ಅಂಥ ಮರ್ಯಾದಿ..."

ಮಾತು ಅಲ್ಲಿಗೇ ನಿಂತಿತು. ಬೆರಳು ಇನ್ನೂ ಚುಕ್ಕೆಯ ಮೇಲಿತ್ತು. ನರ್ಸಮ್ಮ ತಲೆ ತಗ್ಗಿಸಿ ಕೊಡೆಯ ಮುರಿದ ಕಡ್ಡಿಯನ್ನು ಸರಿ ಮಾಡುತ್ತ ಕೂತರು. ಗೆದ್ದವರ ಮುಖ ಅವರು ತೋರಿಸಲಿಲ್ಲ. ಅದನ್ನು ನಾನು ಇಂದಿಗೂ ಮರೆತಿಲ್ಲ.

ಸಾಹುಕಾರರು ಕೊನೆಗೆ ಕೇಳಿದ್ದು ಇಷ್ಟೇ: "ಬಾವಿ ನೀರಿಂದಾನ ಅಂತೀರೇನು, ಆ ಕೂಸು ಹೋಗಿದ್ದು?"

"ಆಣಿ ಮಾಡಿ ಹೇಳಾಕ ನನಗ ಬರಲ್ರಿ. ಈ ಕೂಸಿಗೆ ಆ ನೀರು ಬ್ಯಾಡ ಅಂತ ಮಾತ್ರ ಹೇಳಬಲ್ಲೆ."

ಸಾಹುಕಾರರು ನಮ್ಮ ಯಜಮಾನರ ಕಡೆ ತಿರುಗಿದರು. "ಹಿಂದಿನ ಓಣಿಗೆ ಪೈಪು ಹೆಂಗ ಹೋಗ್ತೈತೆ?"

"ನಿಮ್ಮ ಗೋದಾಮಿನ ಹಿತ್ತಲದಾಗ ಅಗೀಬೇಕ್ರಿ. ಗೋಡೀನೂ ಒಡೀಬೇಕು."

"ಹಿತ್ತಲದಾಗ ಕರಿಬೇವಿನ ಗಿಡ ಐತೆ. ಅದನ್ನ ಉಳಿಸ್ಕೊಂಡು ಅಗೀರಿ," ಎಂದು ಎದ್ದು ಹೋದರು. ಆರಿದ ಕಾಫಿ ಲೋಟದಲ್ಲಿ ಹಾಗೇ ಉಳಿಯಿತು.

ಕೆಂಪು ಚುಕ್ಕೆಯನ್ನು ನಾನು ಬ್ಲೇಡಿನ ಮೂಲೆಯಿಂದ ಕೆರೆದು ತೆಗೆದೆ. ಕಾಗದ ಅಲ್ಲಿ ತೆಳುವಾಯಿತು, ಬೆಳಕಿಗೆ ಹಿಡಿದರೆ ಈಚೆಯಿಂದ ಆಚೆ ಕಾಣುವಷ್ಟು. ಹೊಸ ಚುಕ್ಕೆಯನ್ನು ಹಿಂದಿನ ಓಣಿಯ ನಡುವೆ ಇಟ್ಟೆ.

ಮುಂದಿನ ಬೇಸಿಗೆ ಕಾಲಿಡುವ ಮೊದಲೇ ನೀರು ಬಂತು. ಕಟ್ಟೆಯನ್ನು ಸಾಹುಕಾರರು ಮಾತಿನಂತೆ ಕಟ್ಟಿಸಿದ್ದರು, ತಮ್ಮ ಹೆಸರನ್ನು ಕೆತ್ತಿಸಿರಲಿಲ್ಲ. ಗೋದಾಮಿನ ಹಿಂಬಾಗಿಲಿಗೆ ಹೋಗುವಾಗ ಓಣಿಯ ತಿರುವಿನಲ್ಲಿ ನಿಂತು ಗಟ್ಟಿಯಾಗಿ ಕೆಮ್ಮುವರು. ಹೆಂಗಸರು ಸೆರಗು ಸರಿ ಮಾಡಿಕೊಂಡು ಪಕ್ಕಕ್ಕೆ ನಿಂತ ಮೇಲೆಯೇ ಮುಂದೆ ಹೆಜ್ಜೆ. "ಮಾವಾರಿಗೆ ಈ ನಲ್ಲಿ ಬಂದಾಗಿಂದ ಕೆಮ್ಮು ಹತ್ತೈತೆ," ಎಂದು ಸೊಸೆ ನನ್ನ ಕಿವಿಯಲ್ಲಿ ಹೇಳಿ ನಗುತ್ತಿದ್ದಳು.

ಅವಳು ನಕ್ಕದ್ದನ್ನು ನಾನು ಮೊದಲ ಸಲ ಕಂಡದ್ದು ಆಗಲೇ. ಆ ಬೇಸಿಗೆ ಅವರ ಮನೆಯಲ್ಲಿ ಯಾರೂ ಹಾಸಿಗೆ ಹಿಡಿಯಲಿಲ್ಲ. ಮಗು ನಡೆಯಲು ಕಲಿತಿತ್ತು. ಅವಳು ಕೊಡ ಹೊತ್ತು ಮುಂದೆ ಹೋದರೆ, ಅದು ಮಣ್ಣಿನ ಮೇಲೆ ಬಿದ್ದ ಹನಿಗಳನ್ನು ಒಂದೊಂದಾಗಿ ತುಳಿಯುತ್ತ ಹಿಂದೆ ಹೋಗುತ್ತಿತ್ತು. ಮೈ ತುಂಬಿಕೊಂಡಿದ್ದ ಅದರ ಸೊಂಟಕ್ಕೆ ಕರಿದಾರ ಆಗಲೇ ಬಿಗಿಯಾಗಿತ್ತು.