ಜಾಕಿನ ಹಿಡಿಯ ಮೇಲಿನ ಕುಂಕುಮ

ಬೂದುಗುಂಬಳಕಾಯಿ ರಸ್ತೆಗೆ ಬಡಿದು ಒಡೆಯುವ ಸದ್ದು ನನಗೆ ಈಗ ಆಗಿಬರುವುದಿಲ್ಲ. ಆಯುಧಪೂಜೆ ಬಂದರೆ ನಮ್ಮ ಜಯನಗರದಲ್ಲಿ ಪ್ರತಿ ಗೇಟಿನ ಮುಂದೆಯೂ ಅದೇ ಸದ್ದು, ಟಾರಿನ ಮೇಲೆ ಅದೇ ಕೆಂಪು ತಿರುಳು. ನನ್ನ ಯಜಮಾನರ ದವಡೆ ಮುರಿದಾಗಲೂ ಹೆಚ್ಚುಕಡಿಮೆ ಹಾಗೇ ಕೇಳಿಸಿತ್ತು.

ರಿಟೈರ್ ಆದಮೇಲೆ ನಮ್ಮಿಬ್ಬರಿಗೂ ಹಿಡಿದ ಹುಚ್ಚು ಒಂದು ಹಳೇ ಜೀಪು. ನನ್ನ ಕಾನ್ವೆಂಟ್ ಫ್ರೆಂಡ್ಸ್ ಕಾಶಿ ಪ್ಯಾಕೇಜ್ ಟೂರ್ ಹೊರಟರೆ, ನಾವು ಕಛ್‌ನ ಉಪ್ಪಿನ ಬಯಲಿನ ಮ್ಯಾಪ್ ಹರಡಿಕೊಂಡು ಕೂರುತ್ತಿದ್ದೆವು. ಅಲ್ಲಿ ಸಿಗ್ನಲ್ ಇಲ್ಲ, ಪಂಕ್ಚರ್ ಅಂಗಡಿ ಇಲ್ಲ, ಉಪ್ಪಿನ ಕೆಳಗೆ ಬರೀ ಕೆಸರು. ಸನಿಕೆ, ಎಳೆಯುವ ಪಟ್ಟಿ, ಟೈರಿಗೆ ಗಾಳಿ ತುಂಬುವ ಪಂಪು, ನೀರಿನ ಕ್ಯಾನು, ಚಕ್ರದ ಕೆಳಗೆ ಕೊಡಲು ಹಲಗೆ, ಹಿಡಿ ಅದುಮಿದ ಹಾಗೆಲ್ಲ ಗಾಡಿಯನ್ನು ಹಲ್ಲುಹಲ್ಲಾಗಿ ಮೇಲೇರಿಸುವ ಎದೆಮಟ್ಟದ ಉದ್ದ ಜಾಕು, ಎಲ್ಲ ಕೂಡಿಸಿದ್ದಾಯಿತು. ಸಾಮಾನಿದ್ದರೆ ಸಾಲದು, ಒಬ್ಬರು ಬಿದ್ದರೆ ಇನ್ನೊಬ್ಬರು ಒಂಟಿಯಾಗಿ ಗಾಡಿ ಎತ್ತಬೇಕು, ಅದಾಗದಿದ್ದರೆ ಟ್ರಿಪ್ಪೇ ಬೇಡ ಎಂದು ಅವರ ಹಟ.

ಅದಕ್ಕೇ ಅರೆಕೆರೆಯ ಒಂದು ಖಾಲಿ ಸೈಟಿನಲ್ಲಿ ಪ್ರಾಕ್ಟೀಸ್. ಮಳೆ ಬಿದ್ದರೆ ಆ ಸೈಟು ಪಾಯಸದ ಹಾಗೆ. ಸೈಟು ಯಜಮಾನರ ಪರಿಚಯದ ಗೌಡರದ್ದೇ, ಅವರು ಎದುರುಗಡೆ ಕಟ್ಟಿಸಿದ ಬಾಡಿಗೆ ಮನೆಗಳ ಮೆಟ್ಟಿಲ ಮೇಲೆ ಕೂತು ನಮ್ಮನ್ನು ನೋಡಿ ನಗುತ್ತಿದ್ದರು. ಈ ನೆಲದಲ್ಲಿ ರಾಗಿ ಬಿತ್ತಿದ್ದೆ, ಜೀಪು ಬಿತ್ತೋರನ್ನ ಈಗ್ಲೇ ನೋಡಿದ್ದು ಅಂತ.

ಅವತ್ತು ವಿಜಯದಶಮಿ. ಹಿಂದಿನ ದಿನ ಯಜಮಾನರು ಎಲ್ಲ ಸಾಮಾನನ್ನೂ ತೊಳೆದು, ಹೊಳೆಯಲಿ ಅಂತ ಹರಳೆಣ್ಣೆ ಸವರಿ, ಗಂಧ ಕುಂಕುಮ ಹಚ್ಚಿ ಪೂಜೆಗಿಟ್ಟಿದ್ದರು. ಜೀಪನ್ನು ಕೆಸರಿಗಿಳಿಸಿ ಜಾಕು ಕೈಗೆತ್ತಿಕೊಂಡಾಗ, ಹಿಡಿ ಜಾರುತ್ತೆ, ಒರೆಸಿಕೊಳ್ಳಿ ಎಂದೆ.

"ದೇವರಿಗಿಟ್ಟ ಕುಂಕುಮ ಯಾರಾದ್ರೂ ಕೈಯಾರೆ ಒರೆಸ್ತಾರೇನೇ? ಅದಾಗಿ ಅದು ಹೋಗ್ಬೇಕು."

ಮುಂದಿನ ಚಕ್ರ ಗುಂಡಿಯಿಂದ ಮೇಲೆ ಬಂತು. ಒಂದು ಕೈಯಲ್ಲಿ ಹಿಡಿ ಅದುಮಿಕೊಂಡೇ ಕಾಲು ಚಾಚಿ ಹಲಗೆಯನ್ನು ಚಕ್ರದ ಕೆಳಗೆ ತಳ್ಳಲು ಹೋದರು. ಕೈ ಜಾರಿತು. ಕಬ್ಬಿಣದ ಹಿಡಿ ಚಾಟಿಯ ಹಾಗೆ ಮೇಲಕ್ಕೆ ಹಾರಿ ಗಲ್ಲಕ್ಕೆ ಹೊಡೆಯಿತು. ಅವರು ಹಿಂದಕ್ಕೆ ಬಿದ್ದರು, ಜಾಕು ಪಕ್ಕಕ್ಕೆ ಬಿತ್ತು, ಜೀಪು ಮತ್ತೆ ಗುಂಡಿಗೇ ಕುಸಿಯಿತು. ಚಕ್ರದ ಕೆಳಗೆ, ಮೊಣಕಾಲಿನವರೆಗೆ ಕೆಸರಲ್ಲಿ ಹೂತು, ಅವರ ಎಡಗಾಲು.

ಬಾಯಿಂದ ರಕ್ತ, ರಕ್ತದ ಜೊತೆ ಹಲ್ಲು. ಗೌಡರೂ ಅವರ ಬಾಡಿಗೆ ಮನೆಗಳ ಹುಡುಗರೂ ಓಡಿಬಂದರು, ಹುಡುಗರು ಬಂಪರಿಗೆ ಕೈಹಾಕಿದರು. ಬಿಡಿ ಆಂಟಿ, ನಾವ್ ತಳ್ತೀವಿ, ಗುರು ಹಿಂದೆ ಹಿಡ್ಕೊ ಅನ್ನೋ ಗಲಾಟೆ. ತಳ್ಳಿದರೆ ಚಕ್ರ ಅವರ ಮಂಡಿಯ ಮೇಲೇ ಉರುಳುತ್ತಿತ್ತು. ನನ್ನ ಬಾಯಿಂದ ಕನ್ನಡ ಹೊರಡಲಿಲ್ಲ. "ಡೋಂಟ್ ಟಚ್ ಇಟ್" ಅಂದೆ, ನಮ್ಮ ಕಾನ್ವೆಂಟಿನ ಸಿಸ್ಟರ್ ಅಸೆಂಬ್ಲಿಯಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ. ಎಲ್ಲರೂ ಕೈ ತೆಗೆದರು.

ಅದೇ ಸಿಸ್ಟರ್ ಗೈಡ್ಸ್ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು, ಬಾಯಲ್ಲಿ ರಕ್ತ ಬರುವವರನ್ನು ಅಂಗಾತ ಬಿಡಬಾರದು, ಉಸಿರು ಕಟ್ಟುತ್ತದೆ. ಯಜಮಾನರ ಸೊಂಟದಿಂದ ಮೇಲಿನ ಮೈಯನ್ನು ಮಗ್ಗುಲಿಗೆ ತಿರುಗಿಸಿ, ಬಾಯಿ ಕೆಳಮುಖವಾಗಿ ಹಿಡಿದುಕೊಳ್ಳಲು ಗೌಡರಿಗೆ ಹೇಳಿದೆ. ಜಾಕನ್ನು ಕೆಸರಿಂದ ಕಿತ್ತು, ಬುಡಕ್ಕೆ ಇನ್ನೊಂದು ಹಲಗೆ ಕೊಟ್ಟು ನಿಲ್ಲಿಸಿದೆ. ಮೊದಲ ಸಲ ಅದುಮಿದಾಗಲೇ ಹಿಡಿ ಜಾರಿ ನನ್ನ ಕಿವಿ ಸವರಿಕೊಂಡು ಹೋಯಿತು, ಓಲೆ ಕಿತ್ತುಕೊಂಡು.

ಮುತ್ತೈದೆ ಕುಂಕುಮ ಒರೆಸಬಾರದು ಅಂತ ಅಮ್ಮ ಕನ್ನಡಿಯ ಮುಂದೆ ನನ್ನ ಕೈಗೆ ಹೊಡೆದದ್ದುಂಟು. ದುಪಟ್ಟಾ ಸುತ್ತಿ ಒರೆಸಿದೆ. ಹೋಗಲಿಲ್ಲ. ಪಕ್ಕದ ಬಿಲ್ಡಿಂಗ್ ಕೆಲಸದ ಮರಳು ತಂದು ಹಾಕಿ, ಅಂಗೈ ಸುಲಿಯುವವರೆಗೆ ತಿಕ್ಕಿದೆ, ಎಣ್ಣೆ, ಗಂಧ, ಕುಂಕುಮ ಎಲ್ಲ ಹೋಗುವ ತನಕ. ಆಮೇಲೆ ಮುಖವನ್ನು ಹಿಡಿಯ ದಾರಿಯಿಂದ ಆಚೆ ಇಟ್ಟುಕೊಂಡು ಎರಡೂ ಕೈಯಲ್ಲಿ ಅದುಮಿದೆ. ಜೀಪು ಟಕ್ ಟಕ್ ಅಂತ ಒಂದೊಂದೇ ಹಲ್ಲು ಮೇಲೇರಿತು. ಅವರ ಗಂಟಲಿಂದ ಗೊರಗೊರ ಕೇಳುತ್ತಿತ್ತು. ಅದು ನಿಲ್ಲದಿರಲಿ ಅಂತ ಅದುಮಿದೆ. ಚಕ್ರ ಸಡಿಲವಾದದ್ದೇ ಗೌಡರು ಕಂಕುಳಿಗೆ ಕೈಕೊಟ್ಟು ಸರ್ರನೆ ಎಳೆದರು. ಬೂಟು ಕೆಸರಲ್ಲೇ ಉಳಿಯಿತು, ಕಾಲು ಬಂತು.

ಕೆಸರು ಮೆತ್ತಗಿದ್ದದ್ದರಿಂದ ಕಾಲು ಉಳಿದಿದೆ ಅಂದರು ಡಾಕ್ಟರು. ದವಡೆಗೆ ತಂತಿ ಕಟ್ಟಿದರು. ವಾರಗಟ್ಟಲೆ ಸ್ಟ್ರಾದಲ್ಲಿ ಗಂಜಿ, ತಿಳಿಸಾರು. ತಂತಿ ಬಿಚ್ಚಿದ ದಿನ ಅವರಾಡಿದ ಮೊದಲ ಮಾತು:

"ಗಾಡಿ ಹೊರಗೆ ತೆಗೆದ್ಯಾ?"

"ನಿಮ್ಮನ್ನ ತೆಗೆದೆ. ಗಾಡೀನ ಗೌಡರು ಟ್ರ್ಯಾಕ್ಟರಲ್ಲಿ ಎಳೆಸಿದ್ರು."

"ಹಂಗಾದ್ರೆ ನೀನು ಪಾಸು," ಅಂದರು, ಸೊಟ್ಟ ಬಾಯಲ್ಲಿ. ನನಗೆ ಆ ಇನ್ನೊಂದು ಕಡೆಯ ದವಡೆಗೂ ಒಂದು ಕೊಡಬೇಕು ಅನ್ನಿಸಿತು.

ಈ ವರ್ಷ ಪೂಜೆಗೆ ಜಾಕನ್ನು ನಾನೇ ತೊಳೆದೆ. ಎಣ್ಣೆ ಡಬ್ಬಿ ಹಿಡಿದು ಬಂದ ಯಜಮಾನರನ್ನು ಹಾಗೇ ವಾಪಸ್ ಕಳಿಸಿದೆ. ಕುಂಕುಮ ಜಾಕಿನ ಬುಡಕ್ಕೆ ಇಟ್ಟೆ. ಕುಂಕುಮ ಯಾರಾದ್ರೂ ಕಾಲಿಗಿಡ್ತಾರೇನೇ ಅಂತ ಬಾಗಿಲಿನಿಂದ ಗೊಣಗಿದರು. ಹಿಡಿಯನ್ನು ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿದೆ. ಕಛ್‌ನಲ್ಲಿ ಅದನ್ನು ಹಿಡಿಯುವವಳು ನಾನೇ.