ಕರೆಂಟು ಹೋದಾಗ ಸೇರುತ್ತಿದ್ದ ವರ್ಗ

“ದೊಡ್ಡಬಳ್ಳಾಪುರದಲ್ಲಿ ಕ್ರೈಸ್ತ ಸುವಾರ್ತಿಕರ ತರಬೇತಿಗೆಂದು ತೆರೆದ ವರ್ಗ ವಿದ್ಯಾರ್ಥಿಗಳಿಲ್ಲದೆ ವರ್ಷದೊಳಗೇ ಮುಚ್ಚಿಹೋಯಿತು. ಆ ಸೀಮೆಯ ಜನಕ್ಕೆ ಮಗ್ಗವೊಂದಿದ್ದರೆ ಸಾಕು, ಕಲಿಯುವ ಆಸೆ ಅವರಿಗಿರಲಿಲ್ಲ.”

ನನ್ನ ಹುಟ್ಟೂರು ಬೆಟಗೇರಿಗೆ ಬಂದಾಗಲೆಲ್ಲ ಈ ಮಾತು ನನ್ನ ಕಿವಿಗೆ ಬೀಳುತ್ತದೆ. ಕಿರಿಯರನ್ನು ಕೇಳಿದರೆ ಹಿರಿಯರು ಹೇಳಿದರೆನ್ನುತ್ತಾರೆ. ಹಿರಿಯರಿಗೆ ಹೇಳಿದವರು ಯಾರೆಂದು ಕೇಳಿದರೆ ಉತ್ತರವಿಲ್ಲ. ಆ ವರ್ಗದಲ್ಲಿ ಕಲಿಸುತ್ತಿದ್ದವನು ನಾನು. ನಾನಿನ್ನೂ ಬದುಕಿದ್ದೇನೆ. ಆದರೂ ನನ್ನನ್ನು ಯಾರೂ ಕೇಳಲಿಲ್ಲವಾದ್ದರಿಂದ, ಕೇಳದೆಯೇ ಬರೆಯುತ್ತಿದ್ದೇನೆ.

ಅರವತ್ತರ ದಶಕದಲ್ಲಿ, ಹೆಂಡತಿ ಎಸ್ತೇರಳೊಡನೆ ಒಂದು ಟ್ರಂಕು, ಒಂದು ರೊಟ್ಟಿಯ ಬುಟ್ಟಿ ಹಿಡಿದು ಬೆಂಗಳೂರಿನಲ್ಲಿ ರೈಲಿಳಿದು ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆ. ನನ್ನನ್ನು ಕಳಿಸಿದ ಚರ್ಚಿನ ಸಮಿತಿಯವರು ಒಬ್ಬ ಮಗ್ಗದ ಯಜಮಾನರ ಹೆಸರು ಬರೆದುಕೊಟ್ಟಿದ್ದರು: ಚೌಡಪ್ಪನವರು. ಅವರ ಬಾಗಿಲಿಗೆ ಹೋಗಿ ನಿಂತಾಗ ಆ ದೊಡ್ಡ ಮನುಷ್ಯ ನನ್ನನ್ನು ನೋಡಿ ಬಾಯಿ ತೆರೆದರು, ತುಟಿ ಆಡಿಸಿದರು, ಎರಡೂ ಕೈಯಿಂದ ಏನೇನೋ ಸನ್ನೆ ಮಾಡಿದರು. ಸ್ವರ ಮಾತ್ರ ಹೊರಡಲಿಲ್ಲ. ಪಾಪ, ಮೂಗರು ಎಂದುಕೊಂಡೆ. ನಾನೂ ಕೈ ಮುಗಿದು, ಎದೆ ಮುಟ್ಟಿಕೊಂಡು, ಬಡಗಣ ದಿಕ್ಕಿಗೆ ಬೆರಳು ತೋರಿಸಿ, ಬಂದ ಊರನ್ನು ಸನ್ನೆಯಲ್ಲೇ ತಿಳಿಸತೊಡಗಿದೆ. ಅಷ್ಟರಲ್ಲಿ ಯಾರೋ ಬೀದಿಯ ಕುತ್ತಿಗೆ ಹಿಸುಕಿದಂತೆ ಸದ್ದೆಲ್ಲ ಒಮ್ಮೆಗೇ ನಿಂತಿತು. “...ಹಿತ್ಲಲ್ಲೈತೆ ಬಾವಿ, ಮೊದ್ಲು ಕಾಲ್ ತೊಳ್ಕೊಳ್ರೀ ಅಂತ ಆವಾಗ್ಲಿಂದ ಬಡ್ಕೋತಾ ಇದೀನಿ!” ಎಂಬ ಗರ್ಜನೆ ಆ ಮೌನದಲ್ಲಿ ಇಡೀ ಬೀದಿಗೆ ಕೇಳಿಸಿತು.

ಒಳಗೆ ಎಂಟು ಪವರ್‌ಲೂಮ್‌ಗಳು ನಡೆಯುತ್ತಿದ್ದವು, ಈಗ ಕರೆಂಟು ಹೋಗಿತ್ತು, ಅಷ್ಟೇ. ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ನಮ್ಮ ಬೆಟಗೇರಿಯ ಕೈಮಗ್ಗದ ಸದ್ದಿನ ನಡುವೆ ಹಾಡು ಹೇಳಬಹುದು, ಜಗಳವನ್ನೂ ಆಡಬಹುದು. ಇಲ್ಲಿ ಮಗ್ಗ ನಡೆಯುವಾಗ ಮಾತೆಂಬುದೇ ಇಲ್ಲ. ತುಟಿ ನೋಡಿ ತಿಳಿಯಬೇಕು, ಬೆರಳಿನಿಂದ ಹೇಳಬೇಕು. ಈ ಬೀದಿಯ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುವುದು ಇದನ್ನೇ.

ಮನೆ ಸುಲಭಕ್ಕೆ ಸಿಗಲಿಲ್ಲ. ಎರಡು ಕಡೆ ನಮ್ಮ ಹೆಸರು ಕೇಳಿದೊಡನೆ, ಊರಿಂದ ನೆಂಟರು ಬರುತ್ತಾರೆಂದರು. ಆ ನೆಂಟರು ಇಂದಿಗೂ ಬಂದಿಲ್ಲ. ಚೌಡಪ್ಪನವರೂ ಅನುಮಾನಿಸಿದರು. ಆಮೇಲೆ ಏನು ತೋಚಿತೋ, ಮಗ್ಗದ ಮೇಲೆ ತುಂಡಾಗಿದ್ದ ರೇಷ್ಮೆಯ ಎಳೆಯೊಂದನ್ನು ತೋರಿಸಿ, “ಎಲ್ಲಿ, ಕಟ್ರೀ ನೋಡಾನ” ಎಂದರು. ಅಪ್ಪ ಕಲಿಸಿದಂತೆ ಒಂದೇ ಕೈಯಲ್ಲಿ ಗಂಟು ಹಾಕಿದೆ. ಅವರು ಎಳೆಯನ್ನು ಉಗುರಿನ ಮೇಲೆ ಜಾರಿಸಿದರು. ಗಂಟು ಉಗುರಿಗೆ ಸಿಗಲಿಲ್ಲ. ಹೆಂಡತಿಯತ್ತ ತಿರುಗಿ, “ದೇವ್ರು ಯಾವ್ದಾದ್ರೂ ಆಗ್ಲಿ ಕಣೇ, ಇವ್ರು ನೇಕಾರ್ರು” ಎಂದರು. ಹಿಂಬದಿಯ ಎರಡು ಕೋಣೆ ನಮಗಾದವು. ಬಾಡನ್ನು ಹಿತ್ತಿಲಿನಲ್ಲಿ ಬೇಯಿಸಬೇಕೆಂಬುದೊಂದೇ ಕರಾರು. ಬಾಡು ಎಂದರೆ ಇಲ್ಲಿ ಮಾಂಸ.

ಎಸ್ತೇರಳಿಗೆ ಹೊಂದಿಕೊಳ್ಳುವುದು ನನಗಿಂತ ಕಷ್ಟವಾಯಿತು. ಊರಿಂದ ತಂದ ಜೋಳದ ಹಿಟ್ಟು ಮುಗಿಯುವವರೆಗೆ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಳು. ನಾಲ್ಕನೆಯ ದಿನ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, “ಅಕ್ಕಾ, ತಪ್ಪು ತಿಳ್ಕೋಬೇಡಿ, ದಿನಾ ಇಷ್ಟೊತ್ತಿಗೇ ಭಜನೆ ಮಾಡ್ತೀರಲ್ಲಾ, ಚಪ್ಪಾಳೆ ಕೇಳುತ್ತೆ, ಹಾಡೇ ಕೇಳಲ್ಲ?” ಎಂದಳು. ಎಸ್ತೇರ ಹಿಟ್ಟಿನ ಕೈಯನ್ನೇ ತೋರಿಸಿದಳು. ಇಬ್ಬರೂ ಹೊಸ್ತಿಲಲ್ಲಿ ಕುಳಿತು ನಕ್ಕರು. ಮರುವಾರ ಆಕೆಯಿಂದ ಮುದ್ದೆ ಕಟ್ಟುವುದನ್ನು ಕಲಿತಳು. ಆದರೂ ಭಾನುವಾರ ಮಧ್ಯಾಹ್ನ ಸುಮ್ಮನೆ ಕುಳಿತುಬಿಡುತ್ತಿದ್ದಳು. “ಇಲ್ಲಿ ಎಲ್ಲಾರೂ ಚಲೋ ಮಂದೀನ ಅದಾರ್ರೀ. ಆದ್ರ ನಮ್ಮವ್ವನ್ನ ಕಂಡಾವ್ರು ಒಬ್ಬರೂ ಇಲ್ಲ” ಎಂದಳು ಒಮ್ಮೆ.

ನನ್ನ ಕೆಲಸವೇನಿತ್ತೆಂದು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಅದರ ಬಗೆಗೂ ಕಥೆಗಳಿವೆ. ಬೀದಿಯಲ್ಲಿ ನಿಂತು ಜನರನ್ನು ಒಲಿಸಲು ನನ್ನನ್ನು ಕಳಿಸಿರಲಿಲ್ಲ. ಈಗಾಗಲೇ ನಂಬಿದ್ದ ಕೆಲವೇ ಕುಟುಂಬಗಳಲ್ಲಿ, ಬೈಬಲಿನ ವಾಕ್ಯವನ್ನು ತಾನು ತಿಳಿದು ಇನ್ನೊಬ್ಬರಿಗೂ ತಿಳಿಸಬಲ್ಲ, ಚಿಕ್ಕ ಸಭೆಯೊಂದನ್ನು ನಡೆಸಬಲ್ಲ ಹತ್ತು ಹನ್ನೆರಡು ಜನರನ್ನು ತಯಾರು ಮಾಡಬೇಕಿತ್ತು. ಅವರಲ್ಲೊಬ್ಬ ಶಾಂತಪ್ಪ. ಊರು ಅಲ್ಲೇ ಹತ್ತಿರದ ಮಧುರೆ, ಚೌಡಪ್ಪನವರ ಮಗ್ಗದಲ್ಲಿ ಕೆಲಸ. ಅವನ ಊರಿನಲ್ಲಿ ಆರು ಮನೆಗಳ ಕ್ರೈಸ್ತ ಸಭೆಯಿತ್ತು, ನಡೆಸುವವರಿರಲಿಲ್ಲ. ನಾನು ಬರುವ ಹಿಂದಿನ ವರ್ಷ ಅಲ್ಲೊಂದು ಸಾವಾದಾಗ, ಬೆಂಗಳೂರಿನಿಂದ ಸಭಾಪಾಲಕರು ಬರುವ ತನಕ ಮಣ್ಣು ಮಾಡಲು ಒಂದೂವರೆ ದಿನ ಕಾದಿದ್ದರಂತೆ. “ಇನ್ನೊಂದ್ಸಲ ಹೆಣ ಇಟ್ಕೊಂಡು ಬಸ್ ಕಾಯಕ್ಕಾಗಲ್ಲ ಮೇಷ್ಟ್ರೇ. ನಂಗೆ ಕಲ್ಸಿ” ಎಂದು ಅವನು ಮೊದಲ ದಿನವೇ ಹೇಳಿದ್ದ. ತರಬೇತಿ ಮುಗಿಸಿ ಸಮಿತಿಯ ಒಪ್ಪಿಗೆ ಪಡೆದವನಿಗೆ ಮಾತ್ರ ಸಭೆ ನಡೆಸುವ, ಮಣ್ಣು ಮಾಡಿಸುವ ಅಧಿಕಾರವಿತ್ತು.

ಸಂಜೆ ನಾಲ್ಕರಿಂದ ಆರು ಎಂದು ವೇಳಾಪಟ್ಟಿ ಬರೆದು ಅಂಟಿಸಿದೆ. ಒಂಬತ್ತು ದಿನ ಖಾಲಿ ಚಾಪೆಯ ಮುಂದೆ ಕುಳಿತೆ. ಹತ್ತನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ, ನಾನು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿರುವಾಗ, ಹನ್ನೊಂದು ಜನ ಬಂದು ಚಾಪೆಯ ಮೇಲೆ ಕುಳಿತಿದ್ದರು.

“ಈಗ್ಯಾಕ ಬಂದ್ರಿ?” ಎಂದೆ.

“ಕರೆಂಟ್ ಹೋಯ್ತಲ್ಲ ಮೇಷ್ಟ್ರೇ!” ಎಂದ ಶಾಂತಪ್ಪ, ಇದೂ ಒಂದು ಪ್ರಶ್ನೆಯೇ ಎಂಬಂತೆ. “ಇರೋವಾಗ ಮಗ್ಗ ಬಿಟ್ಟು ಬರಕ್ಕಾಯ್ತದಾ? ಹೋದಾಗ ತಾನೇ ನಾವು ಮನುಷ್ರಾಗದು?”

ಆಗ ಕರೆಂಟಿನ ಕೊರತೆಯಿತ್ತು. ಯಾವಾಗ ಹೋಗುವುದೋ, ಎಷ್ಟು ಹೊತ್ತಿಗೆ ಬರುವುದೋ ಯಾರಿಗೂ ತಿಳಿಯುತ್ತಿರಲಿಲ್ಲ. ಒದ್ದೆ ಲುಂಗಿಯಲ್ಲೇ ಪಾಠ ಹೇಳಿದೆ. ಸಮಿತಿ ಕೊಟ್ಟ ದಪ್ಪ ಪುಸ್ತಕವನ್ನು ಅಂದೇ ಟ್ರಂಕಿಗೆ ಹಾಕಿ, ಹತ್ತು ನಿಮಿಷದಲ್ಲಿ ಮುಗಿಯುವ, ಎರಡು ತಾಸಿಗೂ ಹಿಗ್ಗುವ ಪಾಠಗಳನ್ನು ನಾನೇ ಬರೆಯತೊಡಗಿದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ಪಾಠ ಬರೆದನೆಂದು ನಗುವವರು ನಗಲಿ. ಇನ್ನೊಂದು ರೂಢಿಯನ್ನೂ ಮಾಡಿದೆ: ಕೇಳಿದವನು ವಾರದೊಳಗೆ ಅದನ್ನು ಮತ್ತೊಬ್ಬನಿಗೆ ಹೇಳದ ಹೊರತು ಮುಂದಿನ ಪಾಠವಿಲ್ಲ. ಅದಕ್ಕೂ ಮಗ್ಗವೇ ದಾರಿ ತೋರಿತು. ಹಾಸಿನ ಉದ್ದೆಳೆಗಳು ಮುಗಿದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಇದನ್ನು ಕೆಚ್ಚುವುದು ಎನ್ನುತ್ತಾರೆ. ಆಗ ಮಗ್ಗ ನಿಂತಿರುತ್ತದೆ. ಅಕ್ಕಪಕ್ಕದವು ನಡೆಯುತ್ತಿದ್ದರೂ ಪಕ್ಕದಲ್ಲಿ ಕುಳಿತವನ ಕಿವಿಗೆ ಬಾಯಿಟ್ಟು ಹೇಳಬಹುದು. ಕೈಗೆ ಕೆಲಸ, ಬಾಯಿಗೆ ಬಿಡುವು. ಕಳೆದುಹೋದ ಕುರಿಯ ಸಾಮ್ಯ, ಕುರುಬ ಅದನ್ನು ಹುಡುಕಿ ಹೆಗಲ ಮೇಲೆ ಹೊತ್ತು ತರುವ ಯೇಸುವಿನ ಕಥೆ, ಆ ಮನೆಯಲ್ಲಿ ಎಷ್ಟು ಸಲ ಕೆಚ್ಚಿಸಿಕೊಂಡಿತೋ!

“ಆ ಕುರಿ ಕಥೆ ಆರ್ ಸಲ ಕೇಳ್ದೆ ಮೇಷ್ಟ್ರೇ” ಎಂದರು ಚೌಡಪ್ಪನವರು ಒಮ್ಮೆ. “ಪ್ರತಿ ಸಲನೂ ಸಿಕ್ಕೇಬಿಡುತ್ತೆ. ಒಂದ್ಸಲನಾದ್ರೂ ತಪ್ಪಿಸ್ಕೊಂಡು ಹೋಗ್ಲಿ ಅದು!” ಅವರು ತಮ್ಮ ದೇವರನ್ನು ಬಿಡಲಿಲ್ಲ, ಬಿಡಿರೆಂದು ನಾನೂ ಹೇಳಲಿಲ್ಲ. ಆದರೆ ಕರೆಂಟು ಹೋದೊಡನೆ “ಲೇ ಶಾಂತಪ್ಪ, ನಿಮ್ ಇಸ್ಕೂಲ್ ಬೆಲ್ ಆಯ್ತು ಕಣೋ” ಎಂದು ಮೊದಲು ಕೂಗುತ್ತಿದ್ದವರು ಅವರೇ.

ವರ್ಷ ತುಂಬುವ ಮೊದಲು ಸಮಿತಿಯ ಪರೀಕ್ಷಕರೊಬ್ಬರು ಬಂದರು. ಕಾಗದ ಬರೆದು, ದಿನ ಗೊತ್ತುಮಾಡಿ, ಬೆಳಿಗ್ಗೆ ಹತ್ತಕ್ಕೇ ಬಂದರು. ಅಂದು ಕರೆಂಟು ಗಟ್ಟಿಯಾಗಿತ್ತು. ಖಾಲಿ ಚಾಪೆಯನ್ನು ನೋಡಿದರು. ನಾನು ವಿವರಿಸಿದೆ. “ಮೇಷ್ಟ್ರೇ, ಎಲ್ಲಾ ಕಡೆ ದೀಪ ಇದ್ದಾಗ ಪಾಠ ನಡೆಯುತ್ತೆ. ದೀಪ ಹೋದ್ರೆ ಶುರುವಾಗೋ ವರ್ಗ ಇದೇ ಮೊದಲು ಕೇಳ್ತಿರೋದು” ಎಂದು ನಕ್ಕು, ಎಸ್ತೇರ ಕೊಟ್ಟ ಕಾಫಿ ಕುಡಿದು ಹೊರಟರು. ಹದಿನೈದು ದಿನಕ್ಕೆ ಕಾಗದ ಬಂತು: ವಿದ್ಯಾರ್ಥಿಗಳಿಲ್ಲ, ಜನಕ್ಕೆ ಆಸಕ್ತಿಯಿಲ್ಲ, ವರ್ಗವನ್ನು ಮುಚ್ಚತಕ್ಕದ್ದು. ಬೆಟಗೇರಿಯಲ್ಲಿ ನೀವು ಇಂದಿಗೂ ಹೇಳುತ್ತಿರುವುದು ಈ ಕಾಗದದ ಮಾತನ್ನೇ. ಆದರೆ ಆ ಪರೀಕ್ಷಕರದೇ ಎರಡನೆಯ ಕಾಗದವೊಂದಿದೆ.

ಆ ಸುದ್ದಿ ಕೇಳಿದ ಶಾಂತಪ್ಪ ಮಗ್ಗಕ್ಕೆ ಮರಳಿದ. ಅವನ ತಾಯಿ ಆಗ ಹಾಸಿಗೆ ಹಿಡಿದಿದ್ದಳು. ಅವನ ಮನಸ್ಸಿನಲ್ಲಿದ್ದದ್ದು ನನಗೆ ತಿಳಿಯಿತು. ಸಮಿತಿಗೆ ನಾನು ಮೂರು ಕಾಗದ ಬರೆದೆ. ಮೂರನೆಯದರಲ್ಲಿ, ಒಂದು ಪೂರ್ತಿ ದಿನ ನಮ್ಮಲ್ಲಿ ಕುಳಿತಿರಿ, ಆಮೇಲೆ ಮುಚ್ಚಿರಿ, ನಾನು ಮಾತಾಡುವುದಿಲ್ಲ ಎಂದೆ. ಪರೀಕ್ಷಕರು ಬಂದರು. ಅಷ್ಟು ದೊಡ್ಡ ಮನಸ್ಸು ಅವರಲ್ಲಿತ್ತೆಂಬುದನ್ನು ಮರೆಮಾಡಬಾರದು.

ಅಂದು ಕರೆಂಟು ಹೋಗಲೇ ಇಲ್ಲ. ಹನ್ನೊಂದಾಯಿತು, ಒಂದಾಯಿತು, ಮೂರಾಯಿತು. ದಿನವೂ ಕರೆಂಟಿನವರನ್ನು ಬೈಯುತ್ತಿದ್ದ ಬೀದಿ ಅಂದು ಬಲ್ಬಿನ ಕಡೆ ನೋಡುತ್ತ, ಅದು ಆರಲೆಂದು ಕಾಯುತ್ತಿತ್ತು. ಚೌಡಪ್ಪನವರು ನನ್ನನ್ನು ಹಿತ್ತಿಲಿಗೆ ಕರೆದು ಪಿಸುಗುಟ್ಟಿದರು:

“ಮೇಷ್ಟ್ರೇ, ಫ್ಯೂಸ್ ಕಿತ್ತಾಕ್ಲಾ? ನನ್ ಮಗ್ಗ, ನನ್ ಫ್ಯೂಸು. ಯಾವನ್ ಕೇಳ್ತಾನೆ?”

“ಬ್ಯಾಡ್ರೀ ಯಜಮಾನ್ರ. ಅದು ನಾಟಕ ಆಗತೈತಿ.”

“ಶಾಂತಪ್ಪನ್ ಮುಖ ನೋಡ್ದ್ರಾ?”

“ನೋಡೀನ್ರೀ. ಅವಂಗ ಸುಳ್ಳಿನ ಮ್ಯಾಲ ಅಧಿಕಾರ ಕೊಡಸಾಕ ನನಗ ಮನಸಿಲ್ಲ.”

“ನಿಮ್ ಹಟಕ್ಕೆ ಬೆಂಕಿ ಹಾಕ!” ಎಂದರು ಅವರು. ಫ್ಯೂಸನ್ನು ಮುಟ್ಟಲಿಲ್ಲ.

ನಾಲ್ಕರ ಸುಮಾರಿಗೆ, ಪರೀಕ್ಷಕರು ಬಸ್ಸಿಗೆಂದು ಕೊಡೆ ಎತ್ತಿಕೊಂಡ ಹೊತ್ತಿನಲ್ಲಿ ಬೀದಿ ಸ್ತಬ್ಧವಾಯಿತು. ಕೊಡೆ ಕೆಳಗಿಡುವ ಮೊದಲೇ ಹನ್ನೊಂದು ಜನ ಚಾಪೆಯ ಮೇಲಿದ್ದರು, ತಲೆಯ ಮೇಲೆ ರೇಷ್ಮೆಯ ನವಿರುಗಳನ್ನು ಹೊತ್ತುಕೊಂಡೇ. ನಾನು ಮೂಲೆಗೆ ಸರಿದೆ. ಶಾಂತಪ್ಪ ಎದ್ದು ಪ್ರಾರ್ಥಿಸಿ ಕುರಿಯ ಸಾಮ್ಯವನ್ನೇ ಎತ್ತಿಕೊಂಡ. ಪರೀಕ್ಷಕರು ನಡುವೆ ಪ್ರಶ್ನೆ ಹಾಕಿದರು: “ತೊಂಬತ್ತೊಂಬತ್ತು ಕುರಿ ಬಿಟ್ಟು ಒಂದರ ಹಿಂದೆ ಹೋಗೋದು ಬುದ್ಧಿವಂತಿಕೆಯಾ?”

“ಅಯ್ಯನವ್ರೇ, ಸಾವಿರದ ಎಂಟ್ನೂರು ಎಳೇಲಿ ಒಂದ್ ಎಳೆ ಕಡ್ದ್ರೆ ಮಗ್ಗ ನಿಲ್ಲಿಸ್ತೀವಿ” ಎಂದ ಶಾಂತಪ್ಪ. “ಹಂಗೇ ಬಿಟ್ರೆ ಸೀರೆ ಉದ್ದಕ್ಕೂ ಕಾಣುತ್ತೆ. ಆ ಕುರುಬ ಕುರಿ ಹುಡುಕ್ಕೊಂಡು ಹೋಗಿ, ಅದನ್ನ...”

ಕರೆಂಟು ಬಂತು.

ಹನ್ನೊಂದು ಜನರೂ ಒಟ್ಟಿಗೆ ಎದ್ದು ಹೋದರು. ಶಾಂತಪ್ಪ, ಪರೀಕ್ಷಕರ ಮುಂದೆ ಅರ್ಧ ವಾಕ್ಯ ಬಿಟ್ಟು, ತಲೆ ಬಾಗಿಸಿ ಹೋದ. ಪರೀಕ್ಷಕರ ಮುಖ ಕೆಂಪಾಯಿತು. ಎದ್ದು ಅವನ ಹಿಂದೆಯೇ ಮಗ್ಗದ ಮನೆಗೆ ನಡೆದರು. ಗದರಿಸಲು ಹೋದರೆಂದೇ ನನ್ನ ಎಣಿಕೆ. ಬಾಗಿಲಲ್ಲಿ ನಿಂತುಬಿಟ್ಟರು.

ಒಳಗೆ ಎಂಟೂ ಮಗ್ಗ ಗುಡುಗುತ್ತಿದ್ದವು. ಶಾಂತಪ್ಪ ಒಂದು ಕೈಯಲ್ಲಿ ಎಳೆ ನೋಡಿಕೊಳ್ಳುತ್ತ, ಇನ್ನೊಂದು ಕೈಯನ್ನು ಎದುರು ಮಗ್ಗದವರು ಕಾಣುವಂತೆ ಎತ್ತಿ, ಏನನ್ನೋ ಬಾಚಿ ಹೆಗಲಿಗೇರಿಸಿಕೊಂಡು, ಅದರ ಕಾಲುಗಳನ್ನು ಎದೆಯ ಮೇಲೆ ಹಿಡಿದುಕೊಂಡವನಂತೆ ಸನ್ನೆ ಮಾಡಿದ. ಎದುರಿನವನು ತಲೆಯಾಡಿಸಿ, ತನ್ನ ಹಿಂದಿನವನಿಗೆ ತಿರುಗಿ ಹಾಗೆಯೇ ಹೆಗಲಿಗೇರಿಸಿ ತೋರಿಸಿದ. ಅವನು ಅದರಾಚೆಯವನಿಗೆ. ಕೊನೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಮುದುಕಿಯೊಬ್ಬಳು, ನಮ್ಮ ವರ್ಗಕ್ಕೆ ಎಂದೂ ಬಾರದವಳು, ಕುರಿ ಸಿಕ್ಕಿತೇ ಎಂಬಂತೆ ಕೈ ತಿರುಗಿಸಿ ಕೇಳಿ, ಸಿಕ್ಕಿತೆಂದು ತಿಳಿದು ಬೊಚ್ಚುಬಾಯಿ ತೆರೆದು ನಕ್ಕಳು.

ಪರೀಕ್ಷಕರು ಬಹಳ ಹೊತ್ತು ನಿಂತಿದ್ದರು. ಬಸ್ಸು ತಪ್ಪಿತು. ನನ್ನತ್ತ ತಿರುಗಿ ಏನೋ ಹೇಳಿದರು, ಕೇಳಿಸಲಿಲ್ಲ. ಆದರೆ ಅಷ್ಟು ಹೊತ್ತಿಗೆ ನಾನು ತುಟಿ ಓದಲು ಕಲಿತಿದ್ದೆ. “ಕಾಗದ ಕೊಡಿ” ಎಂದಿದ್ದರು.

ಚೌಡಪ್ಪನವರ ಜಗುಲಿಯ ಮೇಲೆ ಕುಳಿತು ಅವರು ಬರೆದದ್ದೇ ಎರಡನೆಯ ಕಾಗದ: ವರ್ಗವನ್ನು ಮುಚ್ಚಕೂಡದು. ಮುಂದಿನ ತಿಂಗಳು ಶಾಂತಪ್ಪನಿಗೆ ಒಪ್ಪಿಗೆ ಬಂತು. ಅವನ ತಾಯಿ ತೀರಿಕೊಂಡಾಗ ಯಾವ ಬಸ್ಸನ್ನೂ ಕಾಯಲಿಲ್ಲ. ಮಗನೇ ಪ್ರಾರ್ಥಿಸಿ ಮಣ್ಣು ಹಾಕಿದ. ನಾನು ಹಿಂದೆ ನಿಂತಿದ್ದೆ. ಅಂದು ನನಗಾದಷ್ಟು ಹೆಮ್ಮೆ ಮುಂದೆಂದೂ ಆಗಲಿಲ್ಲ.

ವರ್ಗ ನಿಂತದ್ದು ನಿಜ, ಆದರೆ ಅದು ಎಪ್ಪತ್ತರ ದಶಕದಲ್ಲಿ. ಹನ್ನೊಂದು ಜನರೂ ತಮ್ಮ ತಮ್ಮ ಊರುಗಳಲ್ಲಿ ತಾವೇ ಕಲಿಸುತ್ತಿದ್ದರಿಂದ, ದೊಡ್ಡಬಳ್ಳಾಪುರದ ಚಾಪೆಗೆ ಬರುವ ಅಗತ್ಯ ಯಾರಿಗೂ ಉಳಿಯಲಿಲ್ಲ. ನನಗೂ ಅಲ್ಲಿ ಕೆಲಸ ಉಳಿಯಲಿಲ್ಲ. ಬೆಟಗೇರಿಗೆ ಮರಳೋಣವೇ ಎಂದು ಕೇಳಿದರೆ, ಅವ್ವನನ್ನು ಕಂಡವರಿಲ್ಲವೆಂದು ನೊಂದಿದ್ದ ಎಸ್ತೇರಳೇ, “ಅಲ್ಲೀಗ ನನ್ನ ಮಾತಿಗೆ ನಗ್ತಾರ್ರೀ” ಎಂದಳು. ಮರಳಲಿಲ್ಲ, ಮಧುರೆಯ ಸಭೆಯಲ್ಲೇ ಉಳಿದೆವು.

ಅನುಮಾನವಿರುವವರು ಮಧುರೆಗೆ ಹೋಗಬಹುದು. ಶಾಂತಪ್ಪ ಬದುಕಿದ್ದಾನೆ. ಎರಡನೆಯ ಕಾಗದ ಅವನ ಬಳಿಯಿದೆ, ಪರೀಕ್ಷಕರ ರುಜುವಿನೊಡನೆ. ಸಭೆಯ ಸದಸ್ಯರ ಪುಸ್ತಕವನ್ನೂ ಕೇಳಿ ನೋಡಿ. ಒಬ್ಬನು ಒಂದೇ ಸಭೆಯ ಸದಸ್ಯನಾಗಿರಬೇಕು, ಊರು ಬಿಟ್ಟರೆ ಹಳೆಯ ಸಭೆಯಿಂದ ವರ್ಗಾವಣೆ ಪತ್ರ ತರಬೇಕು ಎಂಬುದು ನಮ್ಮ ಕಟ್ಟಳೆ. ನಾನು ತರಲಿಲ್ಲ, ಬೆಟಗೇರಿಯಲ್ಲಿ ಹೆಸರು ಹೊಡೆಸಲು ಮನಸ್ಸು ಬರಲಿಲ್ಲ. ಬೆಟಗೇರಿಯ ಪುಸ್ತಕದಲ್ಲಿ ನನ್ನ ಹೆಸರನ್ನು ಇನ್ನೂ ಹೊಡೆದುಹಾಕಿಲ್ಲ, ಹೋದ ಸಲ ಬಂದಾಗ ನೋಡಿದ್ದೇನೆ. ಮಧುರೆಯ ಪುಸ್ತಕದ ಮೊದಲ ಪುಟದಲ್ಲೂ ಆರು ಮನೆಯವರ ಕೆಳಗೆ ನನ್ನದೂ ಎಸ್ತೇರಳದೂ ಹೆಸರಿದೆ. ಅದರ ಮುಂದೆ, ಬೆಂಗಳೂರಿನಿಂದ ತಪಾಸಣೆಗೆ ಬಂದವರು ಯಾರೋ ಪೆನ್ಸಿಲಿನಲ್ಲಿ “ಪತ್ರ ಎಲ್ಲಿ?” ಎಂದು ಬರೆದಿದ್ದಾರೆ. ಅದರ ಕೆಳಗೆ ಶಾಯಿಯಲ್ಲಿ, ಶಾಂತಪ್ಪನ ದಪ್ಪ ಅಕ್ಷರದಲ್ಲಿ, ಹೀಗಿದೆ: “ಬೇಕಿಲ್ಲ. ಇವರನ್ನು ನಾವು ಬಲ್ಲೆವು.”