ಇಳಿದವರು ಎಲ್ಲಿ ಕೂಡಬೇಕು

ತತ್ವಜ್ಞಾನಿಗಳೆಂದರೆ ನನಗೆ ಸಣ್ಣ ಹೆದರಿಕೆ. ಓದುವಾಗ ಅವರು ಹೇಳುವುದೆಲ್ಲ ಸರಿ ಅನ್ನಿಸುತ್ತದೆ. ಪುಸ್ತಕ ಮುಚ್ಚಿ ಚಹಾ ಕುಡಿಯಲು ಎದ್ದ ಮೇಲೆ ಒಂದೊಂದೇ ಸಂಶಯ ಶುರುವಾಗುತ್ತದೆ. ಲಿಂಗಸುಗೂರಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ವರ್ಷಗಳಲ್ಲಿ ಒಬ್ಬ ಮಹಾಶಯನ ಪಾಠಕ್ಕೆ ಬಂದಾಗ ನನ್ನ ದನಿ ತಾನಾಗಿಯೇ ತಗ್ಗುತ್ತಿತ್ತು. ಆತ ಶತಮಾನಗಳ ಹಿಂದಿನ ಇಂಗ್ಲೆಂಡಿನವನು. ವೈದ್ಯವಿದ್ಯೆ ಕಲಿತವನು, ಮದುವೆಯಾಗದವನು, ರಾಜಕೀಯದ ಗಾಳಿ ತಿರುಗಿದಾಗ ಹಾಲೆಂಡಿಗೆ ಹೋಗಿ ತಲೆಮರೆಸಿಕೊಂಡವನು. ಹುಟ್ಟುವಾಗ ಮನುಷ್ಯನ ಮನಸ್ಸು ಬಿಳಿ ಕಾಗದ, ಅನುಭವ ಬರೆದದ್ದೇ ಅದರ ಮೇಲೆ ಮೂಡುತ್ತದೆ ಎಂದ. ಸರ್ಕಾರವೆಂಬುದು ಜನರ ಒಪ್ಪಿಗೆಯಿಂದ ನಿಂತದ್ದು, ನಂಬಿಕೆ ಮುರಿದರೆ ಕೊಟ್ಟ ಅಧಿಕಾರವನ್ನು ಜನರೇ ವಾಪಸು ತೆಗೆದುಕೊಳ್ಳಬಹುದು ಎಂದೂ ಹೇಳಿದ. ಹುಡುಗರು ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಿದ್ದರು. ನನಗೆ ಮಾತ್ರ ಕಪ್ಪುಹಲಗೆಯ ಮೇಲೆ ನನ್ನ ಭಾವನ ಮುಖ ಕಾಣುತ್ತಿತ್ತು.

ಭಾವ ಅಂದರೆ ನಮ್ಮ ಗಂಗಕ್ಕನ ಗಂಡ, ತುರ್ವಿಹಾಳದ ವೀರಭದ್ರಪ್ಪ ಮಾಸ್ತರರು. ನಿಜಾಮರ ಕಾಲದಲ್ಲಿ ಹೈದರಾಬಾದಿಗೆ ಹೋಗಿ ಉರ್ದುವಿನಲ್ಲಿ ಓದಿ ಬಂದವರು. ಆ ಇಂಗ್ಲಿಷ್ ಮಹಾಶಯನನ್ನು ಅವರು ಮೊದಲು ಕಂಡದ್ದೂ ಉರ್ದುವಿನಲ್ಲೇ. ಹಾಗಾಗಿ ಬಿಳಿ ಕಾಗದಕ್ಕೆ ಅವರು ಕೊನೆಯವರೆಗೂ ‘ಕೋರಾ ಕಾಗದ’ ಎಂದೇ ಅನ್ನುತ್ತಿದ್ದರು. ಮಾತುಮಾತಿಗೆ ಅವನನ್ನು ಎಳೆದು ತರುತ್ತಿದ್ದುದರಿಂದ, ಆತ ಮಾಸ್ತರರ ಜೊತೆ ಹೈದರಾಬಾದಿನಲ್ಲಿ ಓದಿದ ಯಾರೋ ಇರಬೇಕೆಂದು ಊರವರು ತಿಳಿದಿದ್ದರು. ‘ಇದಕ್ಕ ನಿಮ್ಮ ದೋಸ್ತ ಏನಂತಾನ್ರಿ?’ ಎಂದು ಕೇಳುತ್ತಿದ್ದರು. ಭಾವ ತಿದ್ದಲಿಲ್ಲ. ಅವರಿಗೂ ಅದು ಒಳಗೊಳಗೇ ಹಿತವಾಗಿತ್ತು.

ಆಗ ಅಕ್ಕನ ಊರ ಕಡೆ ಕಾಲುವೆ ಹೊಸದು. ನಮ್ಮ ಗುರುಗುಂಟಾದಲ್ಲಿ ಮಳೆ ನೋಡಿ ಜೋಳ ಬಿತ್ತುವವರು ನಾವು; ಅಕ್ಕನ ಊರಿಗೆ ಹೋದರೆ ಎರೆಹೊಲದಲ್ಲಿ ನೀರು ನಿಂತಿರುತ್ತಿತ್ತು. ಆಂಧ್ರದ ಕಡೆಯಿಂದ ಬಂದವರು ಸುತ್ತಲೂ ಕ್ಯಾಂಪು ಕಟ್ಟಿಕೊಂಡು ಭತ್ತ ನಾಟಿ ಮಾಡುತ್ತಿದ್ದರು. ಊರವರು ಬದುವಿನ ಮೇಲೆ ನಿಂತು ನೋಡುತ್ತಿದ್ದರು. ನೆಲ್ಲು ಬೆಳೆಯುವುದು ತೆಲುಗರ ರಕ್ತದಲ್ಲೇ ಇದೆ, ನಮಗೆ ಬರುವುದಲ್ಲ ಎಂಬುದು ಎಲ್ಲರ ತೀರ್ಮಾನ. ಭಾವನಿಗೆ ಇದನ್ನು ಕೇಳಿ ತಡೆಯಲಾಗಲಿಲ್ಲ. ರಕ್ತದಲ್ಲಿ ಯಾವ ವಿದ್ಯೆಯೂ ಇರುವುದಿಲ್ಲ, ಎಲ್ಲರೂ ಹುಟ್ಟುವಾಗ ಕೋರಾ ಕಾಗದವೇ ಎಂದು ಮನೆಮನೆಗೆ ಹೋಗಿ ವಾದಿಸಿದರು. ಕೊನೆಗೆ ಸಿದ್ಧಾಂತವನ್ನು ಸಾಬೀತು ಮಾಡಲು ತಾವೇ ಧೋತರ ಎತ್ತಿ ಕಟ್ಟಿ ಕೆಸರಿಗೆ ಇಳಿದರು. ಮೊದಲ ವರ್ಷ ಅವರು ಹಚ್ಚಿದ ಸಸಿ ಮರುದಿನ ನೀರಿನ ಮೇಲೆ ತೇಲುತ್ತಿತ್ತಂತೆ. ನಕ್ಕವರಲ್ಲಿ ಅಕ್ಕನೇ ಮೊದಲಿಗಳು. ಆದರೆ ಮಾಸ್ತರರಂಥ ಮಾಸ್ತರರು ಇಳಿದ ಮೇಲೆ ನಮಗೇನು ನಾಚಿಕೆ ಎಂದು ಉಳಿದವರೂ ಇಳಿದರು, ಎಲ್ಲರೂ ಕಲಿತರು.

ಭತ್ತ ಬಂತು, ಹಿಂದೆಯೇ ಜಗಳ ಬಂತು. ಒಂದೇ ತೂಬಿನ ನೀರು. ಮೇಲಿನ ಹೊಲದವರು ಬಿಟ್ಟರೆ ಕೆಳಗಿನವರಿಗೆ ಉಂಟು, ಇಲ್ಲದಿದ್ದರೆ ಇಲ್ಲ. ಕೊಡಲಿ ಕಾವು ಹಿಡಿದು ನಿಂತವರನ್ನು ಭಾವ ತೂಬಿನ ಹತ್ತಿರದ ಬೇವಿನ ಕಟ್ಟೆಗೆ ಕರೆತಂದು ಕೂಡಿಸಿದರು. ನಿಮ್ಮೆಲ್ಲರ ಒಪ್ಪಿಗೆಯಿಂದ ಒಬ್ಬನನ್ನು ಆರಿಸಿ, ಅವನು ಪಾಳಿ ಹಚ್ಚಲಿ, ತಪ್ಪಿದರೆ ನೀವೇ ಇಳಿಸಿ ಎಂದರು. ತೂಬಿನ ತೀರ ಕೊನೆಯಲ್ಲಿ ಹೊಲವಿದ್ದ ಅಮರಪ್ಪನೆಂಬವನು ಎದ್ದು, ಹಾಗಾದರೆ ಮಾಸ್ತರರೇ ಆಗಲಿ ಎಂದ. ಎಲ್ಲರೂ ಒಪ್ಪಿದರು. ರಾಜನಾಗುವ ಆಸೆಯಿಲ್ಲದ ಮನುಷ್ಯ ಹೀಗೆ ಒಂದು ತೂಬಿನ ಸರ್ಕಾರವಾದರು.

ಆ ಸರ್ಕಾರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಕಾಲೇಜಿನ ರಜೆಗೆ ಹೋದಾಗ ಭಾವ ಶಾಲೆ ಮುಗಿಸಿ ಸೈಕಲ್ ಮೇಲೆ ಕಾಲುವೆ ದಂಡೆಗೆ ಹೊರಡುತ್ತಿದ್ದರು. ತಮ್ಮ ಹೊಲ ಮೇಲ್ಭಾಗದಲ್ಲಿದ್ದರೂ ಪಾಳಿ ಮುಗಿದ ಗಳಿಗೆಗೆ ತಾವೇ ಮಡಿಯ ಬಾಯಿ ಮುಚ್ಚುತ್ತಿದ್ದರು. ಕೊಡಲಿಗಳು ಮನೆ ಸೇರಿದ್ದವು. ಅಮರಪ್ಪ ತನ್ನ ಹೊಲದ ಮೊದಲ ಅಕ್ಕಿಯನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದು ಅಕ್ಕನ ಕೈಗೆ ಕೊಟ್ಟಿದ್ದ. ಆ ವರ್ಷಗಳನ್ನು ನೆನೆದರೆ, ಪುಸ್ತಕದಲ್ಲಿ ಬರೆದದ್ದು ಭೂಮಿಯ ಮೇಲೂ ನಡೆಯುತ್ತದೆ ಎಂಬ ನಂಬಿಕೆ ನನಗೆ ಬಂದದ್ದು ಅಲ್ಲಿಯೇ ಅನ್ನಿಸುತ್ತದೆ.

ಒಂದು ಬೇಸಿಗೆ ಕಾಲುವೆಗೆ ನೀರು ತಡವಾಗಿ ಬಂತು, ಬಂದದ್ದೂ ಕಡಿಮೆ. ಮೇಲಿನವರು ಬಾವಿಯ ನೀರು ಎತ್ತಿ ಆಗಲೇ ನಾಟಿ ಮಾಡಿದ್ದರು. ಕೆಳಗಿನವರ ಸಸಿ ಇನ್ನೂ ಸಸಿಮಡಿಯಲ್ಲೇ ಇತ್ತು. ನಾಟಿಯಾದ ಪೈರು ಕಾಯಲಾರದು, ಮಡಿಯ ಸಸಿ ಸ್ವಲ್ಪ ಕಾದೀತು ಎಂದು ಭಾವ ಲೆಕ್ಕ ಹಾಕಿದರು. ಲೆಕ್ಕ ಸರಿಯೇ ಇತ್ತು. ಕೆಳಗಿನವರ ಪಾಳಿ ತಡೆದು ಮೇಲಿನವರಿಗೆ ಇನ್ನೊಂದು ಸಲ ನೀರು ಬಿಟ್ಟರು. ತಿಳಿದವರಿಗೆ ಒಂದು ದುರಭ್ಯಾಸವಿರುತ್ತದೆ. ಉತ್ತರ ಗೊತ್ತಿದ್ದರೆ ಪ್ರಶ್ನೆ ಕೇಳುವುದು ದಂಡವೆಂದುಕೊಳ್ಳುತ್ತಾರೆ. ಮೇಷ್ಟ್ರಾದ ನನಗೂ ಅದಿದೆ. ಭಾವ ಯಾರನ್ನೂ ಕೇಳಲಿಲ್ಲ. ಅಷ್ಟರಲ್ಲಿ ಮೇಲೆ ಎಲ್ಲಿಯೋ ಕಾಲುವೆ ಒಡೆದು ನೀರು ನಿಂತೇ ಹೋಯಿತು. ದುರಸ್ತಿಯಾಗುವ ಹೊತ್ತಿಗೆ ಅಮರಪ್ಪನ ಸಸಿ ಮಡಿಯಲ್ಲೇ ಒಣಗಿ ಹಳದಿ ಹುಲ್ಲಾಗಿತ್ತು.

ಬೇವಿನ ಕಟ್ಟೆಯ ಮೇಲೆ ಮತ್ತೆ ಜನ ಕೂಡಿದರು. ಮೇಲ್ಭಾಗದಲ್ಲಿ ಮಾಸ್ತರರದೂ ಹೊಲವಿದೆಯಲ್ಲ ಎಂದು ಯಾರೋ ಗೊಣಗಿದರು. ಅಮರಪ್ಪ ಅವರನ್ನು ಸುಮ್ಮನಿರಿಸಿ ತಾನೇ ಎದ್ದ.

‘ಮಾಸ್ತರ, ನೀವು ಕಳ್ಳರಲ್ರಿ. ಅದು ನಮಗ ಗೊತ್ತೈತಿ. ಆದರ ನಮ್ಮ ಪಾಳಿ ನಿಲ್ಲಸಾಗ ನಮ್ಮನ್ನ ಒಂದು ಮಾತು ಕೇಳಲಿಲ್ಲ. ಕೊಟ್ಟವರು ವಾಪಸ್ ತಗೋಬಹುದು ಅಂತ ನೀವ ಹೇಳಿದ್ರಿ.’

‘ಹೌದು, ಹೇಳಿದ್ದೆ’ ಎಂದರು ಭಾವ. ಅಷ್ಟೇ ಹೇಳಿ, ಎದ್ದು, ಸೈಕಲ್ ತಳ್ಳಿಕೊಂಡು ಮನೆಗೆ ಬಂದರು. ಅವರು ಸೈಕಲ್ ಹತ್ತದೆ ತಳ್ಳಿಕೊಂಡು ಬರುವುದನ್ನು ಅಕ್ಕ ಅಂದೇ ಮೊದಲು ನೋಡಿದ್ದಂತೆ.

ಸಿದ್ಧಾಂತದ ಪ್ರಕಾರ ಎಲ್ಲವೂ ಸರಿಯಾಗಿ ನಡೆದಿತ್ತು. ರಕ್ತ ಬೀಳಲಿಲ್ಲ, ಬೈಗುಳವಿರಲಿಲ್ಲ. ಆದರೆ ದೇಶದ ರಾಜನನ್ನು ಇಳಿಸಿದರೆ ಅವನು ದೂರದ ಅರಮನೆಗೋ ಪರದೇಶಕ್ಕೋ ಹೋಗುತ್ತಾನೆ. ತೂಬಿನ ರಾಜನ ಗತಿ ಹಾಗಲ್ಲ. ಮರುದಿನ ಬೆಳಿಗ್ಗೆ ಅವನು ಅದೇ ಓಣಿಯಲ್ಲಿ ಹಾಯಬೇಕು, ಅದೇ ಹೋಟೆಲಿನಲ್ಲಿ ಚಹಾ ಕುಡಿಯಬೇಕು, ಇಳಿಸಿದವರ ಮಕ್ಕಳಿಗೆ ಮಗ್ಗಿ ಹೇಳಿಕೊಡಬೇಕು. ಭಾವ ಕಟ್ಟೆಯ ಕಡೆ ಹೋಗುವುದನ್ನು ಬಿಟ್ಟರು. ಎದುರಾದ ಜನ ಏನು ಮಾತಾಡಬೇಕೋ ತಿಳಿಯದೆ ಟವೆಲ್ ಸರಿಮಾಡಿಕೊಂಡು ಮುಂದೆ ಹೋದರು. ಅದನ್ನು ಭಾವ ಸಿಟ್ಟೆಂದು ತಿಳಿದರು; ಭಾವನ ಮೌನವನ್ನು ಊರು ಬಿಗುಮಾನವೆಂದು ತಿಳಿಯಿತು. ಆ ವರ್ಷವೇ ಅವರು ಲಿಂಗಸುಗೂರಿಗೆ ವರ್ಗ ಮಾಡಿಸಿಕೊಂಡು, ಹೊಲವನ್ನು ಪಾಲಿಗೆ ಕೊಟ್ಟರು. ಸಿಂಧನೂರಿನಲ್ಲಿ ಬಸ್ಸು ಹತ್ತಿದ ಅಕ್ಕ ಮಸ್ಕಿ ದಾಟುವವರೆಗೂ ಸೆರಗನ್ನು ಬಾಯಿಗೆ ಒತ್ತಿಕೊಂಡೇ ಕೂತಿದ್ದಳು.

ತೂಬಿಗೆ ಮತ್ತೊಬ್ಬನನ್ನು ಆರಿಸಲು ಯಾರೂ ಮುಂದಾಗಲಿಲ್ಲ. ಹೆಚ್ಚು ಆಳುಗಳಿದ್ದವನ ಕಡೆಗೆ ನೀರು ಹರಿಯಿತು. ಕೊನೆಯ ಹೊಲಗಳು ಜೋಳಕ್ಕೆ ಮರಳಿದವು. ಭತ್ತ ಹಚ್ಚಲು ಕಲಿತಿದ್ದ ಅಮರಪ್ಪ ಕ್ಯಾಂಪಿನವರ ಗದ್ದೆಗೆ ಕೂಲಿಗೆ ಹೋದ. ಬೇರೆಯವರ ಕೆಸರಿನಲ್ಲಿ ಅವನ ಕೈ ಬಹಳ ಚುರುಕು ಎಂದು ಹೆಸರಾಗಿತ್ತಂತೆ. ಈ ಸುದ್ದಿ ಬಂದ ದಿನ ಭಾವ ಊಟಕ್ಕೆ ಏಳಲಿಲ್ಲ.

ಕೆಲವು ವರ್ಷ ಕಳೆದ ಮೇಲೆ, ನಾನೂ ಲಿಂಗಸುಗೂರಿನಲ್ಲಿ ಕೆಲಸಕ್ಕೆ ಸೇರಿದ್ದಾಗ, ಒಂದು ಭಾನುವಾರ ಅಮರಪ್ಪ ಭಾವನ ಮನೆಗೆ ಬಂದ. ಗುರುಗುಂಟಾದ ಕಡೆ ಮಗಳನ್ನು ಕೊಟ್ಟಿದ್ದನಂತೆ, ಅಲ್ಲಿಂದ ತಿರುಗಿ ಹೋಗುವ ದಾರಿ. ಅಕ್ಕ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಇಬ್ಬರೂ ಮಳೆ, ಬಸ್ಸು, ಮೊಣಕಾಲು ನೋವು, ಮೊಮ್ಮಕ್ಕಳು ಎಲ್ಲ ಮಾತಾಡಿದರು. ನೀರಿನ ಮಾತು ಬರಲಿಲ್ಲ. ಅಮರಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟು ನಿಂತಾಗ ಭಾವ ತಲೆ ಎತ್ತದೆ ಅಂದರು:

‘ಒಂದು ಸಲ ಕರೀಬಹುದಿತ್ತಲ್ಲ ಅಮರಪ್ಪ. ನೀವು ಕರೀತೀರಿ ಅಂತ ನಾ ಕಾದೆ.’

ಅಮರಪ್ಪ ಚಪ್ಪಲಿ ಕಳಚಿ ಮತ್ತೆ ಹೊಸ್ತಿಲಿಗೆ ಬಂದ. ‘ನಾವು ನೀರಷ್ಟ ನಿಮ್ಮ ಕೈಯಾಗಿಂದ ತಗೊಂಡಿದ್ವಿರೀ. ಊರು ಬಿಡ್ರಿ ಅಂತ ಯಾರ ಅಂದಿದ್ರು? ನೀವು ಬಂದು ಕೂಡ್ತೀರಿ ಅಂತ ನಾವೂ ಕಾದ್ವಿ.’

ಇಷ್ಟೇ ಆಗಿದ್ದದ್ದು. ಎರಡು ಕಡೆಯೂ ಕಾದಿದ್ದರು, ಅಷ್ಟರಲ್ಲಿ ವರ್ಷಗಳು ಹೋಗಿದ್ದವು. ತಪ್ಪಿಗೆ ಪರಿಹಾರ ಹುಡುಕಬಹುದು. ಹೀಗೆ ಸುಮ್ಮನೆ ಕಳೆದುಹೋದದ್ದಕ್ಕೆ ಏನು ಮಾಡುವುದೆಂದು ನಾನು ಓದಿದ ಯಾವ ಪುಸ್ತಕದಲ್ಲೂ ಕಾಣಲಿಲ್ಲ. ಆ ಮಹಾಶಯನು ಆಳುವವನನ್ನು ಏರಿಸುವುದನ್ನೂ ಇಳಿಸುವುದನ್ನೂ ಅಚ್ಚುಕಟ್ಟಾಗಿ ಬರೆದ. ಇಳಿದವನು ಆಮೇಲೆ ಎಲ್ಲಿ ಕೂಡಬೇಕು ಎಂಬುದನ್ನು ಬರೆಯಲಿಲ್ಲ. ನೆಂಟಸ್ತಿಕೆ, ನೆರೆಹೊರೆ ಗೊತ್ತಿಲ್ಲದ ಒಂಟಿ ಮನುಷ್ಯ, ಅವನಿಗೆ ಹೊಳೆದಿರಲಿಕ್ಕಿಲ್ಲ.

ಮುಂದಿನ ವಾರ ಭಾವ ಒಬ್ಬರೇ ತುರ್ವಿಹಾಳಕ್ಕೆ ಹೋಗಿ ಸಂಜೆಯ ಬಸ್ಸಿಗೆ ಮರಳಿದರು. ಹೋದ ಕೆಲಸ ಏನಾಯಿತು ಎಂದು ಅಕ್ಕ ಕೇಳಿದಳು. ಕೆಲಸವೇನೂ ಇರಲಿಲ್ಲ ಎಂದರು. ತೂಬು ಈಗ ಯಾರದೋ ಕೈಯಲ್ಲಿದೆ, ಅದನ್ನು ಯಾರೂ ಬಿಡಿಸಲಾರರು, ತಾವೂ ಆ ಮಾತು ತೆಗೆಯಲಿಲ್ಲ ಎಂದರು. ಮತ್ತೆ ಇಷ್ಟು ಹೊತ್ತು ಏನು ಮಾಡಿದಿರಿ ಎಂದಳು ಅಕ್ಕ.

ಭಾವ ಮುಖ ತೊಳೆದುಕೊಂಡು ಬಂದು, ಒರೆಸಿಕೊಳ್ಳುತ್ತ ಹೇಳಿದರು: ‘ಬೇವಿನ ಕಟ್ಟೆಗೆ ಹೋದೆ. ಮಂದಿ ಕೂತಿದ್ರು. ಯಾರೂ ಏನೂ ಕೇಳಲಿಲ್ಲ. ಸ್ವಲ್ಪ ಸರಿದು ಜಾಗ ಬಿಟ್ರು.’